ಬುರುಡೆಯ ಅಳತೆ

ಸ್ಟೂಲಿನ ಮೇಲೆ ಅಲ್ಲಾಡಬೇಡ ಅಂದೆನಲ್ಲ. ಕೈಯಲ್ಲಿ ಗುಂಡುಸೂಜಿ ಇದೆ. ಚುಚ್ಚಿದರೆ ಆಮೇಲೆ ನಮ್ಮಣ್ಣ ಚುಚ್ಚಿದ ಅಂತ ಪ್ರಸಂಗದಲ್ಲಿ ಹೇಳ್ತೀಯ. ಹೋದ ಸಲ ಹೇಳಿದೆ. ಇಡೀ ಚರ್ಚು ನಕ್ಕಿತು. ನಾನು ಮುಂದಿನ ಬೆಂಚಲ್ಲೇ ಕೂತಿದ್ದೆ.

ಕೈ ಎತ್ತು. ಇನ್ನೊಂದೂ. ಆಶೀರ್ವಾದ ಮಾಡೋ ಹಾಗಲ್ಲ, ಸುಮ್ನೆ ಎತ್ತು.

ನಿಲುವಂಗಿಯ ಅಂಚು ಹರಿದಿದೆ, ಹೊಲಿದುಕೊಡು ಅಂತ ಬಂದೆ. ಹೊಲಿದುಕೊಡ್ತೀನಿ. ಬಂದಿದ್ದೀಯಲ್ಲ, ಹೊಸದಕ್ಕೂ ಅಳತೆ ತಗೊಂಡುಬಿಡ್ತೀನಿ. ಯಾಕೆ ಹಾಗೆ ನೋಡ್ತೀಯ? ದರ್ಜಿ ಅಣ್ಣ ಪಾದ್ರಿ ತಮ್ಮನಿಗೆ ಅಂಗಿ ಹೊಲಿಯೋದು ಇವತ್ತು ನಿನ್ನೆಯದಾ?

ನಗು ಯಾಕೆ? ಪಾದ್ರಿ ಅಂದದ್ದಕ್ಕಾ? ಎದುರುಮನೆ ಬಡಗಿ ಹಾಗೇ ಅಂತಾನೆ. ನಿಮ್ಮ ತಮ್ಮ ಪಾದ್ರಿ ಬಂದಿದ್ರಾ, ಅಂತ. ಅವನು ನಮ್ಮವನಲ್ಲ, ಅವನಿಗೆ ಅದೊಂದೇ ಗೊತ್ತು. ಸ್ಕೂಲು ಮಕ್ಕಳು ಫಾದರ್ ಅಂತಾವೆ. ಮುದುಕಿಯರು ಸ್ವಾಮಿ ಅಂತಾರೆ. ಮದುವೆ ದಿನ ಗೊತ್ತು ಮಾಡೋಕೆ ಬಂದವರು ಗುರುಗಳೇ, ಗುರುಗಳೇ... ಪ್ರಸಂಗ ಉದ್ದ ಆದರೆ ಅದೇ ಜನ ಹೊರಗೆ ಬಂದು, ಈ ಪಾದ್ರಿಗೆ ಮನೆಮಠ ಇಲ್ವಾ ಅಂತಾರೆ.

ನಿನ್ನ ಅತ್ತಿಗೆ ಸ್ವಾಮಿ ಅಂತಾಳೆ. ಬಡಿಸುವಾಗ ಮಾತ್ರ. ನೀನು ತಟ್ಟೆ ತೊಳೆಯದೆ ಎದ್ದು ಹೋದ ಮೇಲೆ ಏನಂತಾಳೆ ಅಂತ ನಾನು ಹೇಳಲ್ಲ.

ಹೊಟ್ಟೆ ಒಳಗೆ ಎಳ್ಕೋಬೇಡ. ಬಿಡು. ಇನ್ನೂ ಬಿಡು. ಹಾಂ, ಈಗ ನಿಜ ಬಂತು.

ನನಗೆ ಈ ಹೆಸರುಗಳೆಲ್ಲ ಬೇಡ. ಬಣ್ಣ ಹೇಳಿದರೆ ಸಾಕು. ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ ಡೀಕನ್, ಅವನಿಗೆ ಹೆಗಲ ಪಟ್ಟಿ ಓರೆ. ಪಾದ್ರಿ ಆದ ದಿನ ಪಟ್ಟಿ ನೇರ ಆಗುತ್ತೆ. ಮನುಷ್ಯ ಆಗ್ತಾನೋ ಇಲ್ವೋ, ಅದು ಬೇರೆ. ಮಾನ್ಸಿನ್ಯೊರ್ ಅಂತ ಬಿರುದು ಬಂದರೆ ಕಪ್ಪು ಅಂಗಿಗೆ ನೇರಳೆ ಅಂಚು. ಕೆಲಸ ಹಳೇದೇ, ಅಂಚು ಹೊಸದು. ಕಾರ್ಡಿನಲ್ಲಿಗೆ ಕೆಂಪು. ಪೋಪರಿಗೆ ಬಿಳಿ. ಒಗೆಯೋರ ಪಾಡು ದೇವರಿಗೇ ಪ್ರೀತಿ. ಇನ್ನು ನಡುವೆ ಬಿಷಪ್...

ಏನೋ ಇದು? ಎದೆ ಹೀಗೆ ಬಡ್ಕೊಳ್ತಿದೆ. ಟೇಪು ಕುಣೀತಿದೆ ನೋಡು. ಮೆಟ್ಟಿಲು ಹತ್ತಿ ಬಂದದ್ದಕ್ಕಾ? ಈ ಅಂಗಡಿಗೆ ಮೆಟ್ಟಿಲೇ ಇಲ್ಲ.

ಕಾರ್ಡಿನಲ್ ಅಂದೆ, ಸುಮ್ನಿತ್ತು. ಪೋಪ್ ಅಂದೆ, ಸುಮ್ನಿತ್ತು. ಬಿಷಪ್ ಅಂದೆ...

ಬೇಡ, ಬಾಯಿ ಬಿಡಬೇಡ. ನಂಗೊತ್ತು. ಪೋಪರ ಕಡೆಯಿಂದ ಪ್ರಕಟಣೆ ಬರೋ ತನಕ ಹೇಳೋ ಹಾಗಿಲ್ಲ. ಒಡಹುಟ್ಟಿದವರಿಗೂ ಹೇಳೋ ಹಾಗಿಲ್ಲ. ನಾನು ಕೇಳ್ತಾನೂ ಇಲ್ಲ. ಬಟ್ಟೆ ವಿಷಯ ಕೇಳ್ತೀನಿ, ಅದಕ್ಕೇನೂ ತಡೆ ಇಲ್ವಲ್ಲ. ನಿನ್ನ ಪಕ್ಕದ ಮೇಜಿನ ಮೇಲೆ ಎರಡು ಥಾನು ಬಟ್ಟೆ ಇದೆ. ಒಂದು ತೆಳು, ಒಂದು ಉಣ್ಣೆ. ಇಲ್ಲೇ ಇರೋದಾದರೆ ತೆಳು ಸಾಕು. ಯಾವುದನ್ನ ಕತ್ತರಿಸಲಿ?

...ಉಣ್ಣೆ.

ಸರಿ. ಕೈ ತೆಗಿ ಅದರ ಮೇಲಿಂದ. ಬೆವರು ಹತ್ತುತ್ತೆ.

ಚಳಿ ಊರು ಅಂದಮೇಲೆ ದೂರ. ಭಾನುವಾರ ಊಟಕ್ಕೆ ಬಂದು ಹೋಗೋ ದೂರ ಅಲ್ಲ. ಇರಲಿ. ತಟ್ಟೆ ತೊಳೆಯೋ ಕೆಲಸ ಉಳೀತು.

ತಿರುಗು. ಬೆನ್ನು ಈ ಕಡೆ ಮಾಡು.

ಬಿಷಪ್ಪಿಗೆ ಏನಂತ ಕರೀಬೇಕು? ಧರ್ಮಾಧ್ಯಕ್ಷರು. ಆಮಂತ್ರಣ ಪತ್ರದಲ್ಲಿ ಅತಿ ವಂದನೀಯ. ಈಗ ನೀನು ಬರೀ ವಂದನೀಯ. ಅತಿ ಒಂದು ಸೇರುತ್ತೆ. ಅತಿ ನಿನಗೆ ಚಿಕ್ಕಂದಿನಿಂದಲೂ ಇತ್ತು, ಅಚ್ಚು ಹಾಕಿಸಿರಲಿಲ್ಲ ಅಷ್ಟೆ. ಮತ್ತೆ ಉಂಗುರ. ಮಂಡಿಯೂರಿ ಅದಕ್ಕೆ ಮುತ್ತಿಡಬೇಕು. ಆ ಬೆರಳು ಇಡೀ ದಿನ ಮೂಗಲ್ಲಿ ಇರ್ತಿದ್ದದ್ದನ್ನ ನೋಡಿದವನು ನಾನು. ನನ್ನ ಮಂಡಿನೂ ಸರಿ ಇಲ್ಲ.

ನಗು, ನಗು. ಸೂಜಿ ಚುಚ್ಚಿದರೆ ನನ್ನ ಕೇಳಬೇಡ.

ಬುರುಡೆ ಅಂತ ನಿನಗೆ ಹೆಸರಿಟ್ಟದ್ದೇ ನಾನು. ಮೈಗಿಂತ ತಲೆ ದೊಡ್ಡದಿತ್ತು. ಆಗ ಬೀದಿಯೆಲ್ಲ ಕರೀತಿತ್ತು. ಈಗ ನಾನೊಬ್ಬ. ಧರ್ಮಾಧ್ಯಕ್ಷ ಬುರುಡೆ ಅನ್ನೋಕಾಗುತ್ತಾ ಜನರ ಮುಂದೆ?

ಎಲ್ಲಿ ನೋಡ್ತಿದ್ದೀಯ? ಡ್ರಾಯರಾ? ಗುಂಡಿ ಇದೆ ಅದರಲ್ಲಿ. ಬರೀ ಗುಂಡಿ.

ಓ... ಬಿಷಪ್ ಮನೆಯ ಕಾರ್ಯದರ್ಶಿ ಬಾಯಿಬಿಟ್ಟನಾ? ಬಂದಿದ್ದ. ಬಿಷಪ್ಪರು ನೆತ್ತಿ ಮೇಲಿಡೋ ನೇರಳೆ ಟೋಪಿ ಬೇಕು ಅಂದ. ಯಾರಿಗೆ ಅಂದೆ. ಗುಟ್ಟು ಅಂದ. ತಲೆಯ ಸುತ್ತಳತೆ ಮಾತ್ರ ಕೊಟ್ಟು ಹೋದ. ಗುಟ್ಟಂತೆ. ಈ ಅಳತೆಯ ಇನ್ನೊಂದು ತಲೆ ಎಲ್ಲಾದರೂ ಇದ್ದರೆ ತೋರಿಸು ನೋಡೋಣ. ಹೋಗಿ ಹೋಗಿ ನನ್ನ ಕೈಗೇ ಕೊಟ್ಟ.

ಮತ್ತೆ ಮತ್ತೆ ಬರ್ತಾನೆ. ಟೋಪಿ ಆಗಿಲ್ಲ ಅಂತ ಕಳಿಸ್ತೀನಿ. ಪ್ರಕಟಣೆ ಆಗೋ ಹೊತ್ತಿಗೆ ಟೋಪಿ ಇರಲೇಬೇಕಂತೆ. ಇರಬೇಕು, ಆದರೆ ನಾನೇನು ಮಾಡಲಿ? ಆ ಬಣ್ಣದ ರೇಷ್ಮೆ ಸಿಗ್ತಿಲ್ಲ. ಪೇಟೆಯೆಲ್ಲ ಕೇಳಿದೆ. ನಿಜ.

ನಿಜ ಅಂದೆನಲ್ಲ.

ಏನದು ಕೈಯಲ್ಲಿ? ನನ್ನ ತೋಳಿನ ಮೇಲಿಂದ ತೆಗೆದೆಯಾ? ನೂಲು. ದರ್ಜಿ ತೋಳಿನ ಮೇಲೆ ನೂಲಿಲ್ಲದೆ ಇನ್ನೇನಿರುತ್ತೆ? ಕನ್ನಡಕ ಇಲ್ಲ, ಬಣ್ಣ ಕಾಣಲ್ಲ ನನಗೆ. ಹತ್ತಿರ ತಾ.

...

ನೇರಳೆ.

ಹಾಗೆ ನೋಡಬೇಡ. ಪಾಪನಿವೇದನೆಗೆ ಬಂದಿಲ್ಲ ನಾನು. ಡ್ರಾಯರ್ ಎಳಿ. ಗುಂಡಿ ಡಬ್ಬದ ಹಿಂದೆ. ಯಾವತ್ತೋ ಮುಗಿದಿದೆ. ಕೊಡು ಇಲ್ಲಿ. ಬಗ್ಗು. ನನಗೆ ಎಟುಕಲ್ಲ, ಇನ್ನೂ ಬಗ್ಗು...

ಹೂಂ. ಕೂತಿತು.

ತೆಗಿ ಈಗ. ಬೀದಿ ಬಾಗಿಲು ತೆರೆದಿದೆ.

ಮತ್ತೆ ಈ ಮೈಯಳತೆ ಯಾಕೆ ಅಂತಾನಾ? ನಿನ್ನ ಅಳತೆ ನನಗೆ ಬಾಯಿಪಾಠ. ನೀನು ಸ್ಟೂಲಿಂದ ಇಳಿದರೆ ಹೊರಡ್ತಿದ್ದೆ. ಅಷ್ಟೆ.

ಒಂದು ಕೆಲಸ ಮಾಡು. ಕಾರ್ಯದರ್ಶಿಗೆ ನೀನೇ ಹೇಳು, ಟೋಪಿ ಇನ್ನೂ ಆಗಿಲ್ಲ ಅಂತ. ಬಿಷಪ್ಪು ಸುಳ್ಳು ಹೇಳಬಾರದಾ? ನೀನಿನ್ನೂ ಆಗಿಲ್ವಲ್ಲ.

ಹೇಳ್ತೀಯ ತಾನೆ?

ತಲೆ ಅಲ್ಲಾಡಿಸ್ತಿದ್ದೀಯ. ಹೇಳಲ್ಲ.

ಸರಿ. ಕಾಗದದಲ್ಲಿ ಸುತ್ತಿ ಕೊಡ್ತೀನಿ. ರೇಷ್ಮೆ, ಮುದುಡಬಾರದು. ಸುತ್ತೋದು ಸ್ವಲ್ಪ ನಿಧಾನ ಆಗುತ್ತೆ. ಕೂತ್ಕೋ, ಬುರುಡೆ.