ಬೂದು ಪೆಟ್ಟಿಗೆ ಯಾವ ತಲೆಮಾರಿನದು

...ಇಲ್ಲ ಭಾವ, ಡಬ್ಬದ ಮೇಲೆ ಅಚ್ಚಾದ ಇಸವಿ ನನಗೆ ತೋರಿಸಬೇಡಿ. ಇಸವಿ ನೋಡಿ ತಲೆಮಾರು ಎಣಿಸೋದಾದರೆ, ನಮ್ಮ ಚಿಕ್ಕಮ್ಮ ನನಗಿಂತ ಎರಡು ವರ್ಷ ಚಿಕ್ಕವಳು. ಹಾಗಂತ ನನ್ನ ತಂಗಿ ಆಗಿಬಿಟ್ಟಳಾ? ನಗ್ತೀರಲ್ಲ... ನಿಮ್ಮ ಹೆಂಡತಿಯನ್ನೇ ಕೇಳಿ, ಅಕ್ಕನೂ ಅವಳನ್ನ ಚಿಕ್ಕಮ್ಮ ಅಂತಲೇ ಕರೆಯೋದು.

ಕೂತ್ಕೊಳ್ಳಿ. ಸ್ಟೂಲಿನ ಮೇಲಿರೋ ವೈರುಗಳನ್ನ ಪಕ್ಕಕ್ಕೆ ತಳ್ಳಿ. ಅಂಗಡಿ ಮುಚ್ತಿದ್ದೀರಿ, ನಿಮ್ಮ ವಿಡಿಯೋ ಗೇಮ್ ಯಂತ್ರಗಳನ್ನೆಲ್ಲ ಒಟ್ಟಿಗೆ ಕೊಳ್ಳೋಕೆ ಗಿರಾಕಿ ಸಿಕ್ಕಿದ್ದಾನೆ. ಮುಖ ತೋರಿಸಿಲ್ಲ, ಎಲ್ಲ ಮೆಸೇಜಿನಲ್ಲೇ. ಪ್ರತಿ ತಲೆಮಾರಿನದೂ ಒಂದೊಂದಿದೆ ಅಂತ ತಿಳಿದವರು ಬರೆದುಕೊಟ್ಟರೆ ತಗೋತಾನೆ, ಇಲ್ಲದಿದ್ದರೆ ಬೇಡ ಅಂತಾನೆ. ಊರಲ್ಲಿ ತಿಳಿದವನು ನಾನೊಬ್ಬ. ಎಷ್ಟು ಕಷ್ಟ ಆಯ್ತು ಭಾವ, ಈ ಮೆಟ್ಟಿಲು ಹತ್ತೋಕೆ? ಇಷ್ಟು ವರ್ಷ ನನ್ನ ರಿಪೇರಿ ಅಂಗಡಿಯ ಬೋರ್ಡು ಕಂಡರೆ ರಸ್ತೆ ದಾಟಿ ಆ ಕಡೆ ನಡೀತಿದ್ರಲ್ಲ.

ಏನಂದ್ರಿ? ಯಂತ್ರದ ಕಸುವು? ಎಂಟು ಬಿಟ್, ಹದಿನಾರು ಬಿಟ್... ಅದು ಡಬ್ಬದ ಮೇಲೆ ಬರೆಯೋ ಜಂಬ. ತಮ್ಮ ಗಟ್ಟಿಗ ಅಂತ ಅಣ್ಣನಿಗೆ ಮಗನಾಗ್ತಾನಾ?

ನನ್ನ ಲೆಕ್ಕ ಒಂದೇ. ಹಳೇ ಯಂತ್ರದ ಆಟದ ಕ್ಯಾಸೆಟ್ಟು ಹೊಸ ಯಂತ್ರದ ಬಾಯಿಗೆ ಹೋಗಿ ಆಟ ಶುರುವಾಯ್ತೋ, ಎರಡೂ ಒಂದೇ ತಲೆಮಾರು. ಅಣ್ಣ ತಮ್ಮ, ಒಂದೇ ಒಲೆ. ಉಗುಳಿತೋ, ಅಲ್ಲಿಂದ ಮುಂದಿನ ತಲೆಮಾರು. ಮನೇಲಿರೋ ಆಟ ಉಳಿಯುತ್ತೋ ಮೂಲೆ ಸೇರುತ್ತೋ, ಕೊಳ್ಳೋನಿಗೆ ಬೇಕಾದ್ದು ಅಷ್ಟೇ. ಮಾಡಿದವನು ಏನು ಬೇಕಾದರೂ ಕೂಗಿಕೊಳ್ಳಲಿ.

ಎಲ್ಲಿ, ಆ ಬೂದು ಪೆಟ್ಟಿಗೆ ಕೊಡಿ. ಈ ಹಳೇ ಕ್ಯಾಸೆಟ್ಟು ಊದಿ ಹಾಕ್ತೀನಿ, ನೋಡ್ತಿರಿ... ಹಾಂ. ಬಂತಲ್ಲ ಪರದೆ ಮೇಲೆ ಕಾರು. ಓಡ್ತಿದೆಯಲ್ಲ. ನೆಲ ಯಾಕೆ ನೋಡ್ತೀರಿ?

ನಾನೇ ನೆನಪು ಮಾಡಲಾ? ನಮ್ಮಿಬ್ಬರ ಅಂಗಡಿ ಪಾಲಾದ ದಿನ. "ಹಳೇ ತಲೆಮಾರು ನಿನಗೆ, ಹೊಸದು ನನಗೆ" ಅಂದ್ರಿ. ಒಪ್ಪಿದೆ. ಒಪ್ಪಿದ ಮೇಲೆ, ಗೋಡೆಯುದ್ದಕ್ಕೂ ಜೋಡಿಸಿದ್ದ ಬೂದು ಪೆಟ್ಟಿಗೆಗಳನ್ನ ಇಸವಿ ತೋರಿಸಿ 'ಹೊಸದು' ಅಂತ ನಿಮ್ಮ ಕಡೆ ಎಳ್ಕೊಂಡ್ರಿ. ಆ ವರ್ಷ ಮಕ್ಕಳು ಕೇಳ್ತಿದ್ದದ್ದು ಅದೊಂದನ್ನೇ. ನನಗೆ ಉಳಿದದ್ದು ಧೂಳು ಕೂಡ ಕೂರೋಕೆ ಬೇಜಾರು ಪಡ್ತಿದ್ದ ಡಬ್ಬಗಳು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ಬಾಯಿ ಮುಚ್ಕೊಂಡೆ. ಬಾಯಿ ಮುಚ್ಚಿದೆ, ಲೆಕ್ಕ ಮುಚ್ಚಲಿಲ್ಲ.

ಈಗ ಕೇಳಿ. ಬೂದು ಪೆಟ್ಟಿಗೆ ಹಳೇದು ಅಂದಮೇಲೆ ನಿಮ್ಮ ಸಂಗ್ರಹದಲ್ಲಿ ಒಂದು ತಲೆಮಾರಿಗೆ ಎರಡು ಯಂತ್ರ, ಅದರ ಮುಂದಿನದಕ್ಕೆ ಒಂದೂ ಇಲ್ಲ. ಗಿರಾಕಿ ತಗೊಳ್ಳಲ್ಲ. ಗುಜರಿಯವನು ತಗೋತಾನೆ, ತೂಕಕ್ಕೆ.

ಬೇಕಾದರೆ ಎಲ್ಲ ಇದೆ ಅಂತಲೇ ಬರೆದುಕೊಡ್ತೀನಿ. ಸುಳ್ಳೇ, ಹೌದು. ನಿಮ್ಮ ಹತ್ತಿರಾನೇ ಕಲಿತದ್ದು. ಆದರೆ ಒಂದು ಮಾತು ನಿಮ್ಮ ಬಾಯಿಂದ ಬರಬೇಕು. 'ಬೂದು ಪೆಟ್ಟಿಗೆ ಹಳೇ ತಲೆಮಾರಿನದು, ನಿನ್ನ ಪಾಲಿನದು.' ಅಷ್ಟೇ. ಮೂಗು ಹಿಡಿಯದೆ ನೀವು ಬಾಯಿ ತೆರೆಯೋರಲ್ಲ, ಗೊತ್ತು. ಅದಕ್ಕೇ ಹಿಡಿದಿದ್ದೀನಿ.

ಹೇಳಿ. ಅವಸರ ಇಲ್ಲ. ಒಂದು ಜಾಯ್‌ಸ್ಟಿಕ್ಕಿನ ವೈರು ಇಲಿ ಕಡಿದಿದೆ ಅಂತ ಬೇರೆ ಬರೆದಿದ್ರಿ, ಅದನ್ನೂ ಸರಿ ಮಾಡಿಕೊಡ್ತೀನಿ, ಪುಕ್ಕಟೆ...

ಯಾಕೆ ಹಾಗೆ ನೋಡ್ತೀರಿ? ಆ ಗಿರಾಕಿಗೆ ಮಾತ್ರ ಬರೆದದ್ದು ಅಂತೀರಾ?

ಅಕ್ಕ ಹೇಳಿದ್ದು. ಇಲಿ ವಿಷಯ. ...ಹೌದು, ಅಕ್ಕನೇ. ಫೋನ್ ಯಾಕೆ ತೆಗೀತಿದ್ದೀರಿ? ಅವಳನ್ನ ಇದರಲ್ಲಿ ಎಳೀಬೇಡಿ. ...ಗಿರಾಕಿಗಾ? ಅವನು ಫೋನ್ ಎತ್ತೋದೇ ಇಲ್ಲ ಅಂದ್ರಲ್ಲ...

ನನ್ನ ಡ್ರಾಯರಾ? ಯಾರೋ ರಿಪೇರಿಗೆ ಕೊಟ್ಟ ಫೋನು. ಬಡ್ಕೋತಾ ಇರುತ್ತೆ, ಬಿಡಿ.

...ನೀವು ಕಟ್ ಮಾಡಿದ್ರಿ. ಅದೂ ನಿಂತಿತು.

ಬೈದುಬಿಡಿ ಭಾವ. ಸುಮ್ಮನೆ ರಟ್ಟಿನ ಪೆಟ್ಟಿಗೆ ಕಟ್ಟಬೇಡಿ. ಬೈಯಿರಿ, ನಾನೂ ಬೈತೀನಿ... ಬೂದು ಪೆಟ್ಟಿಗೆಯನ್ನ ಯಾಕೆ ಮೇಜಿನ ಮೇಲೇ ಬಿಟ್ರಿ? ನನಗಾ? ಇದನ್ನ ಇಟ್ಕೊಂಡು ನಾನೇನು ಮಾಡಲಿ, ಅಟ್ಟದ ತುಂಬ ಇವೇ ಇವೆ. ಆಗ ನಿಮ್ಮಿಂದ ಕೊಂಡವರ ಮನೆಗಳಿಂದಲೇ ಒಂದೊಂದಾಗಿ ಕೊಂಡು ತಂದದ್ದು.

ನಿಲ್ಲಿ. ಮೆಟ್ಟಿಲು ಇಳಿಯೋ ಮೊದಲು ಹೇಳಿ ಹೋಗಿ, ಯಾವ ತಲೆಮಾರಿನದು ಇದು?

ಭಾವ...