ಕೋವಿಗೆ ಪೂಜೆ

ಹುಣಸೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಚುರುಮುರಿ ತಿನ್ನುತ್ತಿದ್ದರು. ಹೊಸದಾಗಿ ಕೋವಿ ಲೈಸೆನ್ಸು ಕೇಳಿದವರಿಗೆ ಪೊಲೀಸರು ನಡೆಸುವ ತರಬೇತಿ ಮುಗಿಸಿ ಬಂದಿದ್ದರೆಂದು ಮಾತಿನಿಂದ ತಿಳಿಯಿತು.

"ಗುರಿ ಇಡೋದಿರ್ಲಿ ಬುಡು ಮೀನಾ. ಕೋವಿ ಬಾಯಿ ಕಟ್ಟಿದ್ರೆ ಸಿಡಿದೋಯ್ತದೆ ಅಂದ್ರಲ್ಲ ಸಾಹೇಬ್ರು, ಕೇಳುಸ್ಕಂಡಾ?"

"ಊಂ ಕಣಕ್ಕ. ಮಣ್ಣು ಮೆತ್ಕಂಡ್ರೂ ಸಾಕಂತೆ."

"ನಮ್ಮತ್ತೆ ಆಯುಧಪೂಜೇಲಿ ಕೋವಿ ಬಾಯಿಗೆ ನಿಂಬೆಹೋಳು ತುರುಕಿದ್ರು. ಮಾರ್ನೆ ದಿನ ನಮ್ ಯಜಮಾನ್ರು ಅದ್ನ ನೋಡ್ದೆ ಹಂದಿಗೆ ಹೊಡುದ್ರು."

ಮೀನಾ ತಿನ್ನುವುದನ್ನು ನಿಲ್ಲಿಸಿದಳು.

"ಕೋವಿ ಹಳೇದು, ಅದ್ಕೇ ಸಿಡಿದು ನಿಮ್ಮನೆ ಅಣ್ಣ ಹೋದ್ರು ಅಂತಿದ್ರಲ್ಲ ಎಲ್ರೂ."

"ನಾನೂ ಅಂಗೇ ಅನ್ಕಂಡಿದ್ದೆ, ಇವತ್ತಿನ ಗಂಟ."

"ಅತ್ತೆಗೆ ಹೇಳ್ತೀಯಾ?"

"ಮಗನ ಫೋಟೋಗೆ ದಿನಾ ಹೂ ಹಾಕೋ ಜೀವ. ಏನಂತ ಹೇಳ್ಲಿ?"

"ಹೊಸ ಕೋವಿ ಬತ್ತದಲ್ಲ. ದಸರಾನೂ ಬತ್ತದೆ."

"ಈ ಸಲ ಪೂಜೆ ನಾನೇ ಮಾಡ್ತೀನಿ ಅಂತೀನಿ."

"ಗಂಡಿಲ್ಲದೋಳು ಪೂಜೆಗೆ ಕೂರ್ಬಾರ್ದು ಅಂದ್ರೆ?"

"ಲೈಸೆನ್ಸು ನನ್ನೆಸ್ರಲ್ಲೈತೆ ಅಂತೀನಿ."

ಎಚ್.ಡಿ. ಕೋಟೆ ಬಸ್ಸು ಬಂತು. ಆ ಅಕ್ಕ ಸೆರಗು ಸಿಕ್ಕಿಸಿಕೊಂಡು ಓಡಿ, ಎಲ್ಲರಿಗಿಂತ ಮೊದಲು ಕಿಟಕಿಯಿಂದ ಸೀಟಿಗೆ ಕರ್ಚೀಫು ಎಸೆದಳು.