ಹಿಂದಿನ ಎಡ ಬಾಗಿಲು

ಇದು ಯಾರೋ ಹೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗ ರೂಪೇಶನಿಗೇ ಆದದ್ದು. ಅವನು ಕಾರುಗಳ ಎಲೆಕ್ಟ್ರಿಷಿಯನ್, ತೊಕ್ಕೊಟ್ಟಿನಲ್ಲಿ ಅಂಗಡಿ, ಉಳ್ಳಾಲದಲ್ಲಿ ಮನೆ. ನೀವು ಮಲಗುವ ಹೊತ್ತು ಅಂತ ಗೊತ್ತು... ಆದರೂ ಕೇಳಿ.

ಒಂದು ರಾತ್ರಿ ಹೈವೇಯಲ್ಲಿ ಕೆಟ್ಟು ನಿಂತ ಲಾರಿಯ ಕೆಲಸ ಮುಗಿಸಿ, ಎರಡು ಗಂಟೆ ದಾಟಿದ ಮೇಲೆ ಅವನು ನಡೆದು ಬರುತ್ತಿದ್ದ. ದಾರಿಯಲ್ಲಿ ನೆರೆಯ ಗುಣವತಿ ಅಕ್ಕನ ಮನೆ. ಅಂಗಳದಲ್ಲಿ ಬಾವಿ. ಬಾವಿಯ ಪಕ್ಕದ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷ ಹಳೆಯ ಬಿಳಿ ಕಾರು. ಆ ಕಾರಿನೊಳಗೆ ಲೈಟ್ ಉರಿಯುತ್ತಿತ್ತು. ಬಾಗಿಲು ತೆರೆದರೆ ಮಾತ್ರ ಹತ್ತುವ ಲೈಟ್ ಅದು, ಬಾಗಿಲೆಲ್ಲ ಮುಚ್ಚಿವೆ. ಒಳಗೆ ಯಾರೂ ಇಲ್ಲ. ನೋಡುತ್ತ ನಿಂತ... ಟಕ್. ಲೈಟ್ ಆರಿತು.

ಬೇರೆಯವರಾದರೆ ಓಡುತ್ತಿದ್ದರು. ನಮ್ಮ ರೂಪೇಶನಿಗೆ ಖುಷಿಯಾಯಿತು ನೋಡಿ! ಯಾಕೆಂದರೆ ಒಂದು ತಿಂಗಳಿಂದ ಆ ಕಾರಿನ ಬ್ಯಾಟರಿ ಸುಮ್ಮನೆ ಇಳಿದು ಅವನ ತಲೆ ತಿಂದಿತ್ತು, ಈಗ ಕಾರಣ ಸಿಕ್ಕಿತು. ಬ್ಯಾಟರಿ ಹೊಸದು ಹಾಕಿದ. ಚಾರ್ಜಿಂಗ್ ನೋಡಿದ, ಸರಿಯಾಗಿ ಹದಿನಾಲ್ಕು ವೋಲ್ಟ್. ಹಳೆಯ ಸ್ಟೀರಿಯೋದ ವೈರ್ ಕಿತ್ತು ಬಿಸಾಡಿದ. ಆದರೂ ಮೂರನೆಯ ದಿನ ಕೀ ತಿರುಗಿಸಿದರೆ, ಟಿಕ್... ಟಿಕ್... ಅಷ್ಟೇ.

ಕಾರು ತುರ್ತಾಗಿ ಸರಿಯಾಗಬೇಕಿತ್ತು. ಗುಣವತಿ ಅಕ್ಕನ ಮಗಳು ಮನ್ವಿತಾ ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ತುಂಬು ಒಂಬತ್ತು ತಿಂಗಳು. ಗಂಡ ದುಬೈಯಲ್ಲಿ.

"ರಾತ್ರಿ ನೋವು ಬಂದು, ಇದು ಪುನಃ ಕೈಕೊಟ್ಟರೆ ಎಂತ ಮಾಡುವುದು ಮಾರಾಯ?" ಅಂತ ಅಕ್ಕ ಕೇಳಿದಾಗ ರೂಪೇಶ ತಲೆ ತಗ್ಗಿಸಿದ್ದ. ಆ "ಪುನಃ" ಅವನ ಎದೆಗೇ ಚುಚ್ಚಿತ್ತು.

ಹಿಂದಿನ ವರ್ಷ ಅಕ್ಕನ ಗಂಡ ಚಿತ್ತರಂಜನಣ್ಣನಿಗೆ ನಡುರಾತ್ರಿ ಎದೆನೋವು. ಕಾರು ಸ್ಟಾರ್ಟ್ ಆಗಲಿಲ್ಲ. ಅಕ್ಕ ರೂಪೇಶನಿಗೆ ಫೋನ್ ಮಾಡಿದರು. "ಬಂದೆ ಅಕ್ಕ, ಐದು ನಿಮಿಷ" ಅಂದ. ಅಂದು, ಮಗ್ಗುಲು ಬದಲಿಸಿದ... ಕಣ್ಣು ಬಿಟ್ಟಾಗ ಬೆಳಗು. ರೂಪೇಶ ಬರ್ತಾನೆ ಅಂತ ಅವರು ಬೇರೆ ಗಾಡಿ ಕರೆಯದೆ ಕಾದಿದ್ದರು. ಆಂಬುಲೆನ್ಸ್ ಬರುವಾಗ ಎಲ್ಲ ಮುಗಿದಿತ್ತು. ಬೈಕ್ ಕೆಟ್ಟು ನಿಂತಿತು ಅಂತ ಇವನು ಸುಳ್ಳು ಹೇಳಿದ. ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನನ್ನು ಒಳಗಿಂದೊಳಗೆ ತಿನ್ನುತ್ತಿತ್ತು.

ಸರಿ, ಮರುದಿನ ರಾತ್ರಿ ಕರೆಂಟ್ ಅಳೆಯುವ ಮೀಟರ್ ಹಿಡಿದು ಶೆಡ್ಡಿಗೆ ಬಂದ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ನಡುವೆ ಮೀಟರ್ ಸೇರಿಸುವುದು. ಎಲ್ಲ ಆಫ್ ಇರುವಾಗ ಯಾವುದು ಕದ್ದು ಕರೆಂಟ್ ಎಳೆಯುತ್ತದೋ ಅದು ಮೀಟರಿನಲ್ಲಿ ಕಾಣುತ್ತದೆ. ಆಮೇಲೆ ಒಂದೊಂದೇ ಫ್ಯೂಸ್ ಕೀಳುವುದು. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ, ಕಳ್ಳ ಅಲ್ಲಿದ್ದಾನೆ.

ಮೀಟರ್ 0.02 ಆಂಪಿಯರ್ ತೋರಿಸುತ್ತಿತ್ತು. ಅದು ಗಡಿಯಾರದ್ದು, ಲೆಕ್ಕಕ್ಕಿಲ್ಲ. ಕಾದ. ದೂರದಲ್ಲಿ ಕಡಲು ಒಂದೇ ಸಮ ಗುಂಯ್ ಅನ್ನುತ್ತಿತ್ತು. ಒಂದಾಯಿತು... ಎರಡಾಯಿತು...

ಎರಡೂಕಾಲು ಗಂಟೆ. ಹಿಂದಿನ ಎಡ ಬಾಗಿಲಲ್ಲಿ ಟಕ್.

ಹಿಂದಿನ ಸೀಟಿನ ಸ್ಪ್ರಿಂಗ್ ಕಿಂಯ್ಯ್... ಅಂದಿತು. ಲೈಟ್ ಹತ್ತಿತು. ಮೀಟರ್ 0.80ಕ್ಕೆ ಹಾರಿತು.

ರೂಪೇಶ ಒಳಗೆ ಕೈಹಾಕಿ, ಲೈಟಿಗೂ ಗಡಿಯಾರಕ್ಕೂ ಸೇರಿ ಇದ್ದ ಒಂದೇ ಫ್ಯೂಸ್ ಕಿತ್ತ. ಮೀಟರ್ ಸೊನ್ನೆಗೆ ಬಂತು.

ಲೈಟ್ ಆರಲಿಲ್ಲ.

ಫ್ಯೂಸ್ ಅವನ ಅಂಗೈಯಲ್ಲಿದೆ... ಮೀಟರಿನಲ್ಲಿ ಸೊನ್ನೆ... ಲೈಟ್ ಉರಿಯುತ್ತಲೇ ಇದೆ. ಆ ಬೆಳಕಿನಲ್ಲಿ ಕಂಡ. ಹಿಂದಿನ ಸೀಟು ಎಡಬದಿಯಲ್ಲಿ ತಗ್ಗಿತ್ತು. ಆ ತಗ್ಗು ಸಣ್ಣಗೆ ಏರುತ್ತಿತ್ತು... ಇಳಿಯುತ್ತಿತ್ತು. ಹ್ಹ... ಹ್ಹ... ಅಂತ ಯಾರೋ ಕಷ್ಟಪಟ್ಟು ಉಸಿರೆಳೆಯುವ ಸದ್ದು.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಬೆನ್ನ ಹಿಂದೆ ಗುಣವತಿ ಅಕ್ಕ ಬಂದು ನಿಂತಿದ್ದರು.

"ಎಂತ ಉಂಟು?" ಪಿಸುಗುಟ್ಟಿದರು.

"ಹಿಂದಿನ ಎಡ ಬಾಗಿಲು..."

"ಹೌದು. ಆ ರಾತ್ರಿ ಅವರನ್ನು ಅಲ್ಲೇ ಕೂರಿಸಿದ್ದು."

ರೂಪೇಶ ಕಿತ್ತ ಫ್ಯೂಸನ್ನು ಅದರ ಜಾಗಕ್ಕೆ ಒತ್ತಿದ.

"ಅಕ್ಕ... ಆ ದಿನ ಬೈಕ್ ಕೆಟ್ಟದ್ದಲ್ಲ. ನಾನು ನಿದ್ದೆ ಹೋದದ್ದು."

"ನನಗೆ ಗೊತ್ತುಂಟು." ಅಕ್ಕನ ದನಿ ನಡುಗಲಿಲ್ಲ. "ಅವರಿಗೆ ಗೊತ್ತಿಲ್ಲ. ನೀನು ಬರ್ತಿ ಅಂತ ಕಾಯ್ತಾ ಇದ್ದಾರೆ."

ಸೆರಗಿನ ಗಂಟಿನಿಂದ ಕೀ ತೆಗೆದು ಅವನ ಕೈಯಲ್ಲಿಟ್ಟರು.

ಹೇಗೆ ನೆಗೆಟಿವ್ ಬಿಗಿದನೋ, ಹೇಗೆ ಸೀಟಿನಲ್ಲಿ ಕೂತನೋ, ಅವನಿಗೇ ಗೊತ್ತಿಲ್ಲ. ಹಿಂದಿನ ಸೀಟು ಕಾಣದ ಹಾಗೆ ಕನ್ನಡಿಯನ್ನು ಮಾತ್ರ ಮೇಲಕ್ಕೆ ತಿರುಗಿಸಿಬಿಟ್ಟ. ಕೀ ತಿರುಗಿಸಿದ. ಒಂದೇ ಸುತ್ತಿಗೆ ಎಂಜಿನ್ ಎದ್ದಿತು.

"ಪೋಯಿ ಅಣ್ಣ," ಅಂದ. ಹೋಗೋಣ ಅಂತ, ತುಳುವಿನಲ್ಲಿ.

ಕಾರು ಆಸ್ಪತ್ರೆಯ ದಾರಿ ಹಿಡಿದು ತೊಕ್ಕೊಟ್ಟು ದಾಟಿತು. ರಸ್ತೆಯ ಪ್ರತಿ ಹಂಪ್‌ಗೂ ಹಿಂದಿನ ಎಡ ಚಕ್ರದ ಮೇಲೆ ಮಾತ್ರ ಭಾರ ಬಿದ್ದು ಕಿರ್... ಕಿರ್... ಅನ್ನುತ್ತಿತ್ತು. ಕುತ್ತಿಗೆಯ ಹಿಂದೆ ಅದೇ ಉಸಿರು. ನೇತ್ರಾವತಿ ಸೇತುವೆಯ ನಡುವಿಗೆ ಬಂದಾಗ... ಉಸಿರು ನಿಂತಿತು.

ಅಷ್ಟರವರೆಗೆ ಹಿಂದೆ ಏನೋ ಇದೆಯಲ್ಲ ಅಂತ ಹೆದರಿದ್ದವನು ಈಗ ಅದು ಇಲ್ಲವಲ್ಲ ಅಂತ ಹೆದರಿದ. "ಅಣ್ಣಾ, ಆಯಿತು, ಮುಟ್ಟಿದೆವು, ಸ್ವಲ್ಪ ತಡಕೊಳ್ಳಿ" ಅಂತ ಅಳುತ್ತ ಆಕ್ಸಿಲರೇಟರ್ ತುಳಿದ. ಸೇತುವೆ ಮುಗಿಯುವಾಗ ಹಿಂದಿನಿಂದ ಒಂದು ಕೆಮ್ಮು. ಮತ್ತೆ ಹ್ಹ... ಹ್ಹ...

ಪಂಪ್‌ವೆಲ್ ದಾಟಿ ಒಂದು ಆಸ್ಪತ್ರೆ. ತುರ್ತು ಚಿಕಿತ್ಸೆಯ ಬಾಗಿಲಲ್ಲಿ ಬ್ರೇಕ್ ಹಾಕಿದ. ಇವನು ಯಾರನ್ನೂ ಕರೆಯಲಿಲ್ಲ. ಏನಂತ ಕರೆಯುವುದು? ಅಟೆಂಡರ್ ಒಬ್ಬ ತಾನಾಗಿ ಗಾಲಿಕುರ್ಚಿ ತಳ್ಳಿಕೊಂಡು ಬಂದ. ನೇರ ಹಿಂದಿನ ಎಡ ಬಾಗಿಲಿಗೆ. ತೆಗೆದ, ಬಗ್ಗಿದ, ಕೈ ಕೊಟ್ಟ. "ನಿಧಾನ... ನಿಧಾನ..." ಅಂದ. ಮತ್ತೆ ರೂಪೇಶನ ಕಡೆ ನೋಡಿ, "ನೀವು ಕಾರು ಆಚೆ ನಿಲ್ಲಿಸಿ ಬನ್ನಿ, ಇವರನ್ನು ನಾನು ಒಳಗೆ ಕರ್ಕೊಂಡು ಹೋಗ್ತೇನೆ" ಅಂದ.

ಅಂದಿನಿಂದ ಆ ಬ್ಯಾಟರಿ ಇಳಿದದ್ದೇ ಇಲ್ಲ. ಎಂಟನೆಯ ದಿನ ನಡುರಾತ್ರಿ ಮನ್ವಿತಾಗೆ ನೋವು ಬಂತು. ಫೋನ್ ಮೊದಲ ರಿಂಗಿಗೇ ಎತ್ತಿದ ರೂಪೇಶ ಎರಡು ನಿಮಿಷದಲ್ಲಿ ಅಂಗಳದಲ್ಲಿದ್ದ. ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಸೌಖ್ಯ.

ರೂಪೇಶ ಕುಡಿಯುವವನಲ್ಲ, ಕತೆ ಕಟ್ಟುವ ಬುದ್ಧಿಯೂ ಅವನಿಗಿಲ್ಲ. ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆದರೆ ಆ ರಾತ್ರಿ ಅಟೆಂಡರ್ ಕುರ್ಚಿ ನೂಕುತ್ತ ಆಸ್ಪತ್ರೆ ಬಾಗಿಲಿನ ಇಳಿಜಾರು ಹತ್ತಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಕೆಳಗೆ ಬರುವಾಗ ಆ ಮನುಷ್ಯ ಖಾಲಿ ಕುರ್ಚಿಯನ್ನು ಒಂದೇ ಕೈಯಲ್ಲಿ ತಂದಿದ್ದ. ಹತ್ತುವಾಗ ಎರಡೂ ಕೈ ಕೊಟ್ಟು, ಮುಂದಕ್ಕೆ ಬಾಗಿ ನೂಕಿದ. ಅರ್ಧದಲ್ಲಿ ನಿಂತು ಒಮ್ಮೆ ಉಸಿರು ತೆಗೆದುಕೊಂಡ. ಮತ್ತೆ ನೂಕಿದ.